ಕೊಯ್ದ ಗದ್ದೆಯ ಪರಿಹಾರ

ಹಳೇತೂಬು,
ಭದ್ರಾವತಿ ತಾಲ್ಲೂಕು
1-3-2025, ಶನಿವಾರ

ಪ್ರೀತಿಯ ದುರ್ಗಮ್ಮನಿಗೆ,

ಶಂಕರಮ್ಮನ ಶರಣು. ನಾವಿಲ್ಲಿ ಕ್ಷೇಮ. ನೀನು, ಸಮತಾ, ಅಳಿಯ ಪರಮೇಶ, ಪಾಪು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ಬರೆಯುವುದಕ್ಕೆ ಇಷ್ಟು ತಡ ಮಾಡಿದ್ದಕ್ಕೆ ಮೊದಲು ನಾಲ್ಕು ಬೈದುಬಿಡು, ಆಮೇಲೆ ಕೇಳು. ನೀನು ಮಗಳ ಮನೆಗೆ ಎಂದು ನ್ಯೂ ಟೌನಿಗೆ ಹೋಗಿ ಒಂದೂವರೆ ತಿಂಗಳಾಯಿತು. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಬರಬಹುದಿತ್ತು, ಬರಲಿಲ್ಲ. ಇವರ ಕಾಲು ಮುರಿದಿದೆ ಎನ್ನುವ ನೆಪ ಇತ್ತು, ಅದನ್ನೇ ಹಿಡಿದುಕೊಂಡು ಕೂತೆ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಸಮತಾ ಎತ್ತಿ "ಅಮ್ಮ ಮಲಗಿದಾರೆ ದೊಡ್ಡಮ್ಮ" ಎಂದಳು. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಲಗುವ ದುರ್ಗಮ್ಮ ಯಾರೋ ನನಗಂತೂ ಗೊತ್ತಿಲ್ಲ. ನನಗೆ ಗೊತ್ತಿರುವ ದುರ್ಗಮ್ಮ ಜ್ವರ ಬಂದಾಗಲೂ ಹಗಲು ಹೊತ್ತು ಚಾಪೆ ಹಾಸಿದವಳಲ್ಲ.

ಸಮತಾ, ಓದುತ್ತಿರುವವಳು ನೀನೇ ಎಂದು ಗೊತ್ತು. ನಿಮ್ಮಮ್ಮ ರಾತ್ರಿ ಶಾಲೆಗೆ ಹೋಗಿ ತನ್ನ ಹೆಸರು ಬರೆಯುವುದನ್ನು ಕಲಿತಳು. ಅಷ್ಟಕ್ಕೇ ಸಾಕು ಎಂದು ಸ್ಲೇಟು ವಾಪಸ್ ಕೊಟ್ಟು ಬಂದಳು. ಆದ್ದರಿಂದ ನಿಧಾನಕ್ಕೆ, ಗಟ್ಟಿಯಾಗಿ ಓದು ತಾಯಿ. ನಡುವೆ ಪಾತ್ರೆ ತೊಳೆಯುತ್ತೇನೆ, ಪಾಪು ಅಳುತ್ತಿದೆ ಎಂದು ಎದ್ದರೆ ಸೆರಗು ಹಿಡಿದು ಕೂರಿಸು.

ಮೊದಲು ಒಳ್ಳೆಯ ಸುದ್ದಿ. ಮಳೆಹಾನಿ ಪರಿಹಾರ ಬಂತು ದುರ್ಗಮ್ಮ. ಬಂದು ತಿಂಗಳೇ ಆಯಿತು. ಅವತ್ತು ನಾನು ಒಲೆಯ ಮುಂದೆ ಇದ್ದೆ, ಫೋನ್ ಟಿಣ್ ಎಂದಿತು. ಗ್ಯಾಸಿನದು ಇರಬೇಕು ಎಂದು ನೋಡದೆ ಬಿಟ್ಟೆ. ಇವರು ಮಂಚದ ಮೇಲಿಂದಲೇ "ನೋಡೇ, ನೋಡೇ" ಎಂದು ಬಾಯಿ ಮಾಡಿದರು. ಕಾಲಿಗೆ ಪಟ್ಟಿ ಬಿದ್ದಾಗಿನಿಂದ ಇವರ ಬಾಯಿಗೆ ಶಕ್ತಿ ಎರಡು ಪಟ್ಟಾಗಿದೆ. ನೋಡಿದೆ. ಒಮ್ಮೆ ನಾನು ಓದಿದೆ, ಒಮ್ಮೆ ಮಗ ರುದ್ರೇಶನ ಕೈಯಲ್ಲಿ ಓದಿಸಿದೆ, ಮತ್ತೊಮ್ಮೆ ಇವರಿಗೆ ಕನ್ನಡಕ ಹಾಕಿಸಿ ಓದಿಸಿದೆ. ಎಷ್ಟು ಎಂದು ಬರೆಯುವುದಿಲ್ಲ. ಹಾಲಿನ ಡೈರಿಯಲ್ಲಿ ಉಜ್ಜನಪ್ಪ ನನಗಿಂತ ಮೊದಲೇ ಲೆಕ್ಕ ಹೇಳಿ ಮುಗಿಸಿದ್ದಾನೆ. ಹೋದ ಬೆಳೆಗೆ ಅದು ಸಮ ಅಲ್ಲ, ಯಾವತ್ತೂ ಆಗುವುದಿಲ್ಲ. ಆದರೆ ಆಸ್ಪತ್ರೆಗೆ ಕೈಯಲ್ಲಿದ್ದದ್ದೆಲ್ಲ ಸುರಿದು ಬೇಸಿಗೆ ಬೆಳೆಗೆ ಗದ್ದೆ ಹಾಳು ಬಿಡಬೇಕು ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ನಾಲೆಯಲ್ಲಿ ನೀರು ಹರಿಯುತ್ತಿತ್ತು, ನಮ್ಮ ಗದ್ದೆಯ ತೂಬು ಮುಚ್ಚಿತ್ತು. ಅದನ್ನು ನೋಡಲಾಗದೆ ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆ. ದುಡ್ಡು ಬಂದ ಮಾರನೇ ದಿನ ರುದ್ರೇಶ ತೂಬು ತೆಗೆದ. ಈಗ ಎರಡೂ ಎಕರೆಯಲ್ಲಿ ಪೈರು ಹಸಿರಾಗಿ ನಿಂತಿದೆ. ಹಸಿರು ನೋಡಿದಾಗೆಲ್ಲ ಯಾರಿಗೆ ಕೈಮುಗಿಯಲಿ ಎಂದು ಗೊತ್ತಾಗದೆ ಸುಮ್ಮನೆ ಬದುವಿನ ಮೇಲೆ ನಿಂತು ಮುಗಿಯುತ್ತೇನೆ. ಸರ್ಕಾರಕ್ಕೆ ಮುಗಿದೆ ಎಂದೇ ಇಟ್ಟುಕೋ. ಅರವತ್ತು ಹತ್ತಿರ ಬಂತು, ನಿನ್ನ ಬೆಳೆ ಹೋಗಿದ್ದು ನಮಗೆ ಗೊತ್ತಿದೆ ಎಂದು ಬರಹದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನಿನ್ನ ಒಂದು ಎಕರೆಯದೂ ಬಂದಿರಬೇಕು. ಪಟ್ಟಿಯಲ್ಲಿ ನಿನ್ನ ಹೆಸರು ನನ್ನದಕ್ಕಿಂತ ಮೂರು ಸಾಲು ಮೇಲಿತ್ತು. ಸಮತಾ, ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಬರೆಸು. ಇವಳು ತಾನಾಗಿ ಹೋಗಿ ಕೇಳುವವಳಲ್ಲ.

ಇನ್ನು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ಕೇಳು. ಸಮತಾಗೆ ಪೂರ್ತಿ ಗೊತ್ತಿಲ್ಲ. ನೀನು ಹೇಳಿರುವುದಿಲ್ಲ ಎಂಬುದು ನನಗೆ ಖಾತ್ರಿ.

ಸಮತಾ, ಡಿಸೆಂಬರ್ ಮೊದಲ ವಾರ ಬತ್ತ ಹಣ್ಣಾಗಿ ನಿಂತಿತ್ತು. ಕೊಯ್ಯುವ ಮಿಷನ್ನಿಗೆ ಸೋಮವಾರ ಎಂದು ಹೇಳಿಟ್ಟಿದ್ದೆವು. ಶುಕ್ರವಾರ ಶುರುವಾದ ಮಳೆ ಭಾನುವಾರದವರೆಗೆ ಬಿಡಲಿಲ್ಲ. ಪೈರೆಲ್ಲ ಮಲಗಿಬಿಟ್ಟಿತು. ನಿಮ್ಮ ದೊಡ್ಡಪ್ಪ, "ಒಂದು ಸಲ ಕಣ್ಣಲ್ಲಿ ನೋಡ್ಕಂಡು ಬರ್ತೀನಿ" ಎಂದು ಛತ್ರಿ ಹಿಡಿದು ಹೋದವರು ತೂಬಿನ ಕಲ್ಲಿನ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಕಣ್ಣಲ್ಲಿ ನೋಡಿದ್ದರಿಂದ ಪೈರು ಎದ್ದು ನಿಲ್ಲುತ್ತದೆಯೇ ಎಂದು ಇವತ್ತಿಗೂ ಕೇಳುತ್ತೇನೆ. ನಾನೂ ರುದ್ರೇಶನೂ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಆಪರೇಷನ್ ಆಗಬೇಕು, ಒಳಗೆ ರಾಡು ಹಾಕಬೇಕು ಎಂದರು. ಆಲ್ಕೊಳದಲ್ಲಿ ನನ್ನ ತಮ್ಮ ಮಲ್ಲೇಶನ ಮನೆ ಇದೆಯಲ್ಲ, ಅಲ್ಲಿ ಸ್ನಾನ, ಊಟ. ಉಳಿದ ಹೊತ್ತೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ. ಇವರಿಗೆ ಪಕ್ಕದ ಹಾಸಿಗೆಯಲ್ಲಿ ಶಿಕಾರಿಪುರದ ಕಡೆಯ ಒಬ್ಬ ಯಜಮಾನರು ಸಿಕ್ಕಿದರು. ಅವರಿಗೂ ಕಾಲು, ಅವರದೂ ಗದ್ದೆ. ಇಬ್ಬರೂ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿ ಸರ್ಕಾರದ ಕಾನೂನನ್ನೆಲ್ಲ ಅರೆದು ಕುಡಿದರು. ಯಾವ ಹಾನಿಗೆ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ ಎಂದು ದಿನಾ ನನಗೆ ಪಾಠ.

ಇತ್ತ ಊರಲ್ಲಿ ಮಿಷನ್ನಿನವನು ಗದ್ದೆ ನೋಡಿ ಕೈ ಎತ್ತಿದ. ನೆಲ ಮೆತ್ತಗಾಗಿದೆ, ಇಳಿಸಿದರೆ ಹೂತುಹೋಗುತ್ತದೆ ಎಂದ. ಮಲಗಿದ ತೆನೆ ನೀರಿನಲ್ಲಿ ಎರಡು ದಿನ ಇದ್ದರೆ ಗದ್ದೆಯಲ್ಲೇ ಮೊಳಕೆ ಒಡೆಯುತ್ತದೆ. ಆಗ ನಿಮ್ಮಮ್ಮ ಹತ್ತು ಜನ ಹೆಂಗಸರನ್ನು ಕರೆದುಕೊಂಡು ಮುಯ್ಯಾಳಿಗೆ ಇಳಿದಳು. ಮುಯ್ಯಾಳು ಎಂದರೆ ನಿನಗೆ ಗೊತ್ತಿರಬಹುದು, ಪರಮೇಶನಿಗೆ ಗೊತ್ತಿರಲಿಕ್ಕಿಲ್ಲ, ಅವನು ಕಾರ್ಖಾನೆಯ ಹುಡುಗ. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ ತೀರಿಸುವುದು. ಅದಕ್ಕೆ ಒಂದೇ ಕಟ್ಟು. ಗದ್ದೆಯವರು ಬಾಯಿಬಿಟ್ಟು ಕರೆಯಬೇಕು. ಕರೆಯದ ಗದ್ದೆಗೆ ಯಾರೂ ಇಳಿಯುವುದಿಲ್ಲ, ಇಳಿದರೆ ಆ ಕೆಲಸವನ್ನು ತೀರಿಸುವ ಹೊಣೆ ಯಾರಿಗೂ ಇರುವುದಿಲ್ಲ. ಮಿಷನ್ ಬಂದಮೇಲೆ ನಮ್ಮೂರಲ್ಲಿ ಇದೆಲ್ಲ ನಿಂತೇಹೋಗಿತ್ತು. ನಾನೂ ನಿಮ್ಮಮ್ಮನೂ ಮಾತ್ರ ಕಳೆಗೋ ಕಾಳು ಕೇರುವುದಕ್ಕೋ ಬಿಡದೆ ಇಟ್ಟುಕೊಂಡಿದ್ದೆವು, ಇಪ್ಪತ್ತಾರು ವರ್ಷದಿಂದ.

ಅಟ್ಟದ ಮೇಲೆ ತುಕ್ಕು ಹಿಡಿದಿದ್ದ ಕುಡುಗೋಲುಗಳನ್ನೆಲ್ಲ ಇಳಿಸಿ ಮಸೆಸಿದರಂತೆ. ಮೂರು ದಿನ, ಹನ್ನೊಂದು ಹೆಂಗಸರು, ಮೀನಖಂಡ ಮುಳುಗುವ ಕೆಸರಿನಲ್ಲಿ ಬಗ್ಗಿ, ಮಲಗಿದ ಪೈರನ್ನು ಎಡಗೈಯಲ್ಲಿ ಎತ್ತಿ ಎತ್ತಿ ಕೊಯ್ದರು. ನಿಂತ ಪೈರು ಕೊಯ್ಯುವುದಕ್ಕೂ ಮಲಗಿದ್ದನ್ನು ಕೊಯ್ಯುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಸೊಂಟವನ್ನೇ ಕೇಳಬೇಕು. ದುರ್ಗಮ್ಮ, ನಿನ್ನ ಒಂದು ಎಕರೆ ಪಕ್ಕದಲ್ಲೇ ನೀರಿನಲ್ಲಿ ಮಲಗಿತ್ತು. ಮೊದಲು ನಿನ್ನದನ್ನು ಕೊಯ್ಯೋಣ ಎಂದು ಜೊತೆಗಿದ್ದ ಶೇಷಮ್ಮ ಹೇಳಿದ್ದಕ್ಕೆ ನೀನು "ಅಕ್ಕಂದು ಮುಗೀಲಿ, ಆಸ್ಪತ್ರೆ ಖರ್ಚು ಐತೆ ಅವರಿಗೆ" ಎಂದೆಯಂತೆ. ನಮ್ಮದು ಮುಗಿಯುವಷ್ಟರಲ್ಲಿ ನಿನ್ನದು ಮೊಳೆತುಹೋಯಿತು. ಇದನ್ನು ನನಗೆ ಹೇಳಿದವಳು ಶೇಷಮ್ಮ. ನೀನು ಇವತ್ತಿನವರೆಗೆ ಹೇಳಿಲ್ಲ.

ಆಪರೇಷನ್ ಆಯಿತು. ರುದ್ರೇಶನನ್ನು ಇವರ ಹತ್ತಿರ ಬಿಟ್ಟು ಆರನೇ ದಿನ ನಾನು ಊರಿಗೆ ಬಂದೆ. ಬಸ್ಸಿಳಿದವಳು ಮನೆಗೂ ಹೋಗದೆ ನೇರ ಗದ್ದೆಗೆ ನಡೆದೆ. ಗದ್ದೆ ಬೋಳಾಗಿತ್ತು, ಬದುವಿನ ಮೇಲೆ ಟಾರ್ಪಾಲಿನ ಕೆಳಗೆ ಹೊರೆಗಳು ಸಾಲಾಗಿದ್ದವು. ಟಾರ್ಪಾಲು ಎತ್ತಿದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಕೆಳಗಿನ ಹೊರೆಗಳಲ್ಲಿ ಆಗಲೇ ಬಿಳಿ ಮೊಳಕೆ ಬಂದಿತ್ತು, ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅಲ್ಲೇ ಕೂತು ಅತ್ತೆ. ಹೋಯಿತು ಎಂದು ಅಳಲಿಲ್ಲ. ನಾನು ಇಲ್ಲದಾಗ ನನ್ನ ಗದ್ದೆಗೆ ಇಷ್ಟು ಜನ ಇದ್ದರಲ್ಲ ಎಂದು ಅತ್ತೆ. ನೀನು ಬಂದು "ಏನ್ ಮಾರಾಯ್ತಿ, ಸತ್ತೋರ ಮನೇಲಿ ಕೂತಂಗೆ ಕೂತಿದೀಯ" ಎಂದು ಬೈದೆ. ಆ ಬೈಗುಳ ಈಗ ಸಿಕ್ಕಿದರೆ ಸಾಕು ಎನ್ನಿಸುತ್ತದೆ.

ಅದಾದ ಮೂರನೇ ದಿನ ಸರ್ವೆಗೆ ಬಂದರು. ಕೊಯ್ಯುವಾಗ, ಸರ್ವೆ ಎನ್ನುವುದು ಒಂದು ಬರುತ್ತದೆ ಎಂದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ. ನಮ್ಮ ಕೈಗೆ ಬುದ್ಧಿ ಒಂದೇ, ಬಿದ್ದ ಪೈರು ಕಂಡರೆ ಎತ್ತಿ ಕೊಯ್ಯುವುದು. ಬಿದ್ದ ಪೈರನ್ನು ಹಾಗೇ ಬಿಟ್ಟಿದ್ದವರಿಗೆ ಅವತ್ತು ಸುಲಭವಾಯಿತು. ಗದ್ದೆಗೆ ಫೋನ್ ಹಿಡಿದರು, ಫೋಟೋ ತೆಗೆದರು, ಮುಂದೆ ಹೋದರು. ನಮ್ಮ ಗದ್ದೆಗೆ ಬಂದಾಗ ಗ್ರಾಮ ಆಡಳಿತಾಧಿಕಾರಿ ಅಮೂಲ್ಯ ಮೇಡಂ ನಿಂತುಬಿಟ್ಟರು. ಚಿಕ್ಕ ವಯಸ್ಸು, ಸಮತಾಗಿಂತ ಎರಡು ವರ್ಷ ದೊಡ್ಡವರಿರಬಹುದು. ಪ್ಯಾಂಟು ಮೊಣಕಾಲವರೆಗೆ ಮಡಚಿ ಕೆಸರಿನಲ್ಲಿ ನಿಂತಿದ್ದರು. "ಅಮ್ಮಾ, ಇಲ್ಲಿ ಬೆಳೇನೇ ಇಲ್ವಲ್ಲ. ನಾನು ಏನಂತ ಫೋಟೋ ತೆಗೀಲಿ? ಹಾನಿ ಎಲ್ಲಿದೆ ಅಂತ ತೋರಿಸ್ಲಿ?" ಎಂದರು. ಜೊತೆಗಿದ್ದ ಕೃಷಿ ಇಲಾಖೆಯವರು ಕೊಯ್ದು ಉಳಿದ ಕೂಳೆ ನೋಡಿ ತಲೆ ಆಡಿಸಿದರು.

ಆ ಹೊತ್ತಿಗೆ ಹೆಂಗಸರೆಲ್ಲ ಸೇರಿದ್ದರು. ತಾವು ಉಪಕಾರ ಮಾಡಲು ಹೋಗಿ ನನ್ನ ಪರಿಹಾರಕ್ಕೇ ಕಲ್ಲು ಹಾಕಿದೆವಲ್ಲ ಎಂದು ಒಬ್ಬೊಬ್ಬರ ಮುಖವೂ ಸಣ್ಣಗಾಯಿತು. ಶೇಷಮ್ಮ ಎದೆ ಬಡಿದುಕೊಂಡು ಮುಂದೆ ಬಂದು, "ಮೇಡಂ, ಒಂದರ್ಧ ಗಂಟೆ ಟೈಮ್ ಕೊಡಿ. ಹೊರೆ ಎಲ್ಲಾ ಬಿಚ್ಚಿ ಎಲ್ಲೆಲ್ಲಿ ಮಲಗಿತ್ತೋ ಅಲ್ಲಲ್ಲೇ ಹಾಸಿಬಿಡ್ತೀವಿ. ಗುರುತು ಐತೆ ನಮಗೆ" ಎಂದಳು. ಮೇಡಂ ನಗು ತಡೆಯಲಾರದೆ ಆ ಕಡೆ ತಿರುಗಿದರು. ಅಷ್ಟು ಸಂಕಟದಲ್ಲೂ ನೀನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ನೋಡಿದೆ.

ಆಮೇಲೆ ಮೇಡಂ ಒಂದು ದಾರಿ ಮಾಡಿದರು. ಟಾರ್ಪಾಲು ತೆಗೆಸಿ ಮೊಳಕೆ ಬಂದ ಹೊರೆಗಳ ಫೋಟೋ ತೆಗೆದರು, ತೆನೆ ಕೈಯಲ್ಲಿ ಉಜ್ಜಿ ನೋಡಿದರು, ಆಸ್ಪತ್ರೆಯ ಚೀಟಿ ಕೇಳಿದರು. ಅಲ್ಲೇ ಬದುವಿನ ಮೇಲೆ ಕೂತು ಮಹಜರು ಬರೆದರು. ನನ್ನನ್ನು ಕೇಳಿದರು, ನಿನ್ನನ್ನು ಕೇಳಿದರು, ಬರೆದದ್ದನ್ನು ಓದಿ ಹೇಳಿ ಸಹಿ ಹಾಕಿಸಿದರು. "ನಾನು ಬರೆದು ಕಳಿಸ್ತೀನಿ ಅಮ್ಮ, ಮೇಲಿನವರು ಒಪ್ಪಿದ್ರೆ ಆಗ್ತದೆ" ಎಂದರು. ಹಾಗೆ ಹೇಳಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಮೇಡಂ ಹಾಗೆ ಮಾಡಲಿಲ್ಲ. ನನ್ನ ಆಧಾರ್ ಬ್ಯಾಂಕಿಗೆ ಜೋಡಣೆ ಆಗಿಲ್ಲ ಎಂದು ತಾವೇ ಫೋನ್ ಮಾಡಿ ಹೇಳಿದರು. ಪಹಣಿ ನನ್ನ ಹೆಸರಿನಲ್ಲಿ, ಫೋನ್ ನಂಬರು ಮನೆಯವರದು, ಎಲ್ಲ ಕಲಸುಮೇಲೋಗರವಾಗಿತ್ತು. ಅದನ್ನು ಸರಿ ಮಾಡಿಸಿಕೊಟ್ಟರು. ಪಂಚಾಯ್ತಿ ಬೋರ್ಡಿನಲ್ಲಿ ಪಟ್ಟಿ ಹಚ್ಚಿದ ದಿನ ನನ್ನ ಹೆಸರು ಕಂಡಿದ್ದೇ ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಇಷ್ಟು ಒಳ್ಳೆಯದರ ನಡುವೆ ನಿನಗೆ ಆದದ್ದು ಮಾತ್ರ ಒಳ್ಳೆಯದಲ್ಲ. ಸಂಕ್ರಾಂತಿಯ ಹೊತ್ತಿಗೆ ಊರಿನ ಬಾಯಿ ನಿನ್ನ ಮೇಲೆ ಬಿತ್ತು. ಉಜ್ಜನಪ್ಪನ ಗದ್ದೆಗೆ ಅಷ್ಟು ಹಾನಿ ಆಗಿಲ್ಲವೆಂದು ಪಟ್ಟಿಯಿಂದ ಬಿಟ್ಟಿದ್ದರು, ಅವನಿಗೆ ಹೊಟ್ಟೆಯಲ್ಲಿ ಕಿಚ್ಚು. ಹಾಲು ಹಾಕಲು ಬಂದವರ ಮುಂದೆಲ್ಲ "ಶಂಕರಮ್ಮ ಕರೆದೇ ಇಲ್ಲ. ದುರ್ಗಿ ಕರೆದವ್ರೆ ಅಂತ ಸುಳ್ಳು ಹೇಳಿ ಹತ್ತು ಜನಾನ ಕೆಸರಿಗಿಳಿಸಿದಾಳೆ" ಎಂದು ಹೇಳಿಕೊಂಡು ತಿರುಗಿದ. ಮುಯ್ಯಾಳಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ಹೆಂಗಸರೂ ನಂಬಿದರು. ನಿನ್ನ ಮನೆ ಬಾಗಿಲಿಗೇ ಬಂದು "ನಮಗ್ಯಾಕೆ ಸುಳ್ಳು ಹೇಳ್ದೆ?" ಎಂದು ಕೇಳಿದರಂತೆ. ಬೇಸಿಗೆ ನಾಟಿಯ ಮಾತು ಬಂದಾಗ ಯಾರೂ ನಿನ್ನನ್ನು ಕರೆಯಲಿಲ್ಲ. ಇಪ್ಪತ್ತಾರು ವರ್ಷ ಈ ಊರಿನ ಎಲ್ಲ ಗದ್ದೆಯಲ್ಲೂ ನಾಟಿ ಹಾಕಿದ ಕೈ ಅದು. ನೀನು ಯಾರ ಹತ್ತಿರವೂ ಜಗಳ ಆಡಲಿಲ್ಲ. ಪಾಪು ನೋಡಿಕೊಳ್ಳಬೇಕು ಎಂದು ಬ್ಯಾಗು ಹಿಡಿದು ಬಸ್ ಹತ್ತಿದೆ. ಗದ್ದೆಗೆ ಬೀಜವನ್ನೂ ಹಾಕಲಿಲ್ಲ.

ಈಗ ನಾನು ಮಾಡಿರುವುದನ್ನು ಕೇಳು, ಸಿಟ್ಟು ಬಂದರೆ ಬರಲಿ. ನಿನ್ನ ಎಕರೆಗೆ ನಾಟಿ ಹಾಕಿಸಿದ್ದೇನೆ. ನಮ್ಮ ಸಸಿಮಡಿಯಲ್ಲಿ ಸಸಿ ಮಿಕ್ಕಿತ್ತು. ರುದ್ರೇಶ ಟಿಲ್ಲರ್ ಹೊಡೆದ. ಶೇಷಮ್ಮ ಮತ್ತು ಇನ್ನು ಮೂವರು ಬಂದರು, ನಾನು ಕೂಡಿ ಐದು ಜನ. ಎರಡು ದಿನ ಹಿಡಿಯಿತು. ನನ್ನ ಸೊಂಟ ಈಗಲೂ ನೆಟ್ಟಗಾಗಿಲ್ಲ. ನಿನ್ನ ಸಾಲಿನಷ್ಟು ನೇರ ಬಂದಿಲ್ಲ, ಬಂದು ನೋಡಿದರೆ ನೀನು ನಗುತ್ತೀಯ. ನೀನು ಕರೆಯದೆ ನಿನ್ನ ಗದ್ದೆಗೆ ಇಳಿದೆವು, ಆದ್ದರಿಂದ ಇದನ್ನು ತೀರಿಸುವ ಹೊಣೆ ನಿನಗಿಲ್ಲ. ಊರಿನವರು ಆಡಿಕೊಳ್ಳುವುದಾದರೆ ನನ್ನನ್ನೂ ಆಡಿಕೊಳ್ಳಲಿ.

ಇವರ ಕಾಲು ಪರವಾಗಿಲ್ಲ. ಶಿವರಾತ್ರಿಯ ದಿನ ವಾಕರ್ ಹಿಡಿದು ಬಸವಣ್ಣನ ಗುಡಿಯವರೆಗೆ ನಡೆದರು. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ತೊಡೆಯೊಳಗಿನ ರಾಡಿನ ಉದ್ದ ಎಷ್ಟು ಎಂದು ಹೇಳಿಕೊಂಡು ಹೋದರು. "ದುರ್ಗಮ್ಮ ಯಾವಾಗ ಬರ್ತಾಳಂತೆ?" ಎಂದು ದಿನಾ ಕೇಳುತ್ತಾರೆ. ನಿನ್ನ ಮೇಲಿನ ಪ್ರೀತಿಗೆ ಎಂದು ಹಿಗ್ಗಬೇಡ. ನೀನು ಮಾಡುವ ಹುರುಳಿ ಸಾರಿನ ಮೇಲೆ ಅವರ ಕಣ್ಣು.

ಪಾಪುವಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಸಮತಾ, ಪರಮೇಶ ನೂರು ಕಾಲ ಸುಖವಾಗಿರಲಿ. ಅವನ ಕಾಂಟ್ರಾಕ್ಟ್ ಕೆಲಸ ಖಾಯಂ ಆಗಲಿ ಎಂದು ಶಿವರಾತ್ರಿಯ ದಿನ ಬೇಡಿಕೊಂಡಿದ್ದೇನೆ. ದುರ್ಗಮ್ಮ, ನಿನ್ನಿಂದ ನನ್ನ ಮನೆ ಉಳಿಯಿತು. ಇದನ್ನು ಎದುರಿಗೆ ಹೇಳಿದರೆ ನೀನು ಮಾತು ಬೇರೆ ಕಡೆ ತಿರುಗಿಸುತ್ತೀಯ ಎಂದು ಇಲ್ಲೇ ಬರೆದಿದ್ದೇನೆ. ನೀನು ತಣ್ಣಗಿರು.

ಇಂತಿ ನಿನ್ನ,
ಶಂಕರಮ್ಮ

ತಾ.ಕ.: ಸಮತಾ, ಮಡಚಿಡಬೇಡ, ಇನ್ನೂ ಇದೆ. ಪರಮೇಶ ಮನೆಯಲ್ಲಿ ಇಲ್ಲದಿದ್ದರೆ ಅವನು ಬಂದಮೇಲೆ ಓದು. ಫೋನಿನಲ್ಲಿ ಹೇಳಿದರೆ ನಿಮ್ಮಮ್ಮನೊಬ್ಬಳಿಗೇ ಕೇಳುತ್ತದೆ, ಅದಕ್ಕೇ ಕಾಗದ ಬರೆದದ್ದು.

ಊರಿನ ಬಾಯಿ ಎಂದು ಮೇಲೆ ಬರೆದೆ. ಆ ಬಾಯಿಗೆ ಮಾತು ಹಾಕಿದವಳು ನಾನು. ನಿಮ್ಮಮ್ಮ ಸುಳ್ಳು ಹೇಳಿರಲಿಲ್ಲ. ನಾನು ಅವಳನ್ನು ಕರೆದಿದ್ದೆ. ಆಸ್ಪತ್ರೆಗೆ ಸೇರಿದ ಎರಡನೇ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಂತು ನಾನೇ ಫೋನ್ ಮಾಡಿ, "ಹೆಂಗಾದ್ರೂ ಮಾಡಿ ಕೊಯ್ದುಬಿಡು ಮಾರಾಯ್ತಿ, ಯಾರ್ ಸಿಕ್ತಾರೋ ಅವರನ್ನ ಕರ್ಕೊ, ಮುಯ್ಯಿ ನಾನು ತೀರಿಸ್ತೀನಿ, ನಿನ್ ಕಾಲಿಗೆ ಬೀಳ್ತೀನಿ" ಎಂದು ಅತ್ತಿದ್ದೆ. "ಅಳಬ್ಯಾಡಕ್ಕ, ನಾನಿಲ್ವಾ" ಎಂದು ಅವಳು ಫೋನ್ ಇಟ್ಟಳು.

ಮಹಜರು ಬರೆಯುವಾಗ ಅಮೂಲ್ಯ ಮೇಡಂ "ಯಾರಮ್ಮ ಕೊಯ್ಸಿದ್ದು? ನೀವೇನಾ?" ಎಂದು ಕೇಳಿದರು. ಕೇಳಿದ್ದು ಅಷ್ಟೇ. ಮಾಲೀಕರೇ ಕೊಯ್ಯಿಸಿದರೆ ಒಂದು ಪೈಸೆ ಕೊಡುವುದಿಲ್ಲ ಎಂದು ಪಕ್ಕದ ಹಾಸಿಗೆಯವರು ಹೇಳಿದ್ದು ನನ್ನ ತಲೆಯಲ್ಲಿತ್ತು. "ನಂಗೆ ಗೊತ್ತೇ ಇಲ್ಲ ಮೇಡಂ, ನಾನು ಶಿವಮೊಗ್ಗದಲ್ಲಿದ್ದೆ, ದುರ್ಗಮ್ಮ ತಾನೇ ಕೊಯ್ದಿರೋದು" ಎಂದುಬಿಟ್ಟೆ. ದುರ್ಗಮ್ಮ, ಮೇಡಂ ನಿನ್ನ ಕಡೆ ತಿರುಗಿ "ಹೌದೇನಮ್ಮ? ಇವರು ಹೇಳಿರ್ಲಿಲ್ವಾ?" ಎಂದರು. ನೀನು ನನ್ನ ಮುಖ ನೋಡಿದೆ. ನಿನ್ನ ಸೊಂಟದಲ್ಲಿ ಫೋನ್ ಇತ್ತು ದುರ್ಗಮ್ಮ, ಅದರಲ್ಲಿ ನಾನು ಮಾಡಿದ ಕರೆ ಇತ್ತು. ತೆಗೆದು ತೋರಿಸಬಹುದಿತ್ತು. ನೀನು "ಇಲ್ಲ ಮೇಡಂ, ಅವ್ರು ಹೇಳಿಲ್ಲ, ನಾನೇ ಕೊಯ್ದೆ" ಎಂದೆ. ಬರೆದದ್ದನ್ನು ಅವರು ಓದಿ ಹೇಳಿದಾಗ ಉಜ್ಜನಪ್ಪ ಅಲ್ಲೇ ಇದ್ದ, ಹತ್ತು ಜನ ಹೆಂಗಸರೂ ಇದ್ದರು. ನೀನು ಅದರ ಕೆಳಗೆ ನಿನ್ನ ಹೆಸರು ಬರೆದೆ. ಅವತ್ತಿನಿಂದ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಹಣ ಬರುವವರೆಗೆ ಹೆದರಿಕೆಗೆ ಬಾಯಿ ಬಿಡಲಿಲ್ಲ. ಬಂದಮೇಲೆ ನಾಚಿಕೆಗೆ ಬಿಡಲಿಲ್ಲ.

ಈ ಕಾಗದ ನಿನ್ನ ಹತ್ತಿರ ಇರಲಿ, ನನ್ನ ಸಹಿ ಇದೆ, ಯಾರಿಗೆ ಬೇಕಾದರೂ ತೋರಿಸು. ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಎಲ್ಲರೂ ಇರುವಾಗ ಇದನ್ನೇ ನಾನೂ ಹೇಳುತ್ತೇನೆ. ನಿನಗಿಂತ ಮೊದಲು ಅವರಿಗೆ ಹೇಳುವುದು ಬೇಡ ಎನ್ನಿಸಿತು.

ನಿನ್ನೆ ಅಮೂಲ್ಯ ಮೇಡಂ ಕಚೇರಿಗೆ ಹೋಗಿದ್ದೆ. ಎಲ್ಲ ಹೇಳಿದೆ. ದುಡ್ಡು ವಾಪಸ್ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ ಎಂದೆ. ಅವರು, "ಅಮ್ಮಾ, ನೀವೇ ಕೊಯ್ಸಿದ್ದು ಅಂದಿದ್ರೂ ಬರ್ತಿತ್ತು. ನಾನು ಬರೆದು ಕಳಿಸಿದ್ದು ಮೊಳಕೆ ಬಂದ ತೆನೆ ನೋಡಿ. ಯಾರು ಕೊಯ್ದ್ರು ಅಂತ ಸುಮ್ನೆ ಕೇಳಿದ್ದು" ಎಂದರು.

ಸುಮ್ಮನೆ ಕೇಳಿದ್ದಂತೆ ದುರ್ಗಮ್ಮ. ಅದಕ್ಕೆ ನಾನು ನಿನ್ನ ಹೆಸರು ಕೊಟ್ಟೆ.